ಜ್ವರದೊಂದಿಗೆ ಮಾತು ತಪ್ಪಿದಾಗ: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಈ ಸಲ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಐದು, ಒಂದಲ್ಲ ಒಂದು ಬಗೆಯಲ್ಲಿ, ಹರ್ಪಿಸ್ ವೈರಾಣು ಮತ್ತು ಮಿದುಳಿನ ಉರಿಯೂತದ ಸುತ್ತಲೇ ಇವೆ. ಹಾಗಾಗಿ ಅಂಕಣವನ್ನು ಪೂರ್ತಿ ಇದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ. ಮೊದಲನೆಯ ಪತ್ರಕ್ಕೆ ಹೆಚ್ಚು ಜಾಗ ಕೊಟ್ಟಿರುವುದಕ್ಕೆ ಉಳಿದವರು ಬೇಸರಿಸಬಾರದು.

ಪ್ರಶ್ನೆ: ನಮ್ಮದು ಜಗಳೂರು ತಾಲ್ಲೂಕಿನ ಒಂದು ಹಳ್ಳಿ. ಮೆಕ್ಕೆಜೋಳ ಬೆಳೆಯುತ್ತೇವೆ. ನಮ್ಮ ಯಜಮಾನರಿಗೆ 46 ವರ್ಷ. ಮೂರು ತಿಂಗಳ ಹಿಂದೆ ಜ್ವರ, ತಲೆನೋವು ಶುರುವಾಯಿತು. ಮೂರನೆಯ ದಿನ, ಒಲೆಯ ಮೇಲೆ ಏನೂ ಇಲ್ಲದಿದ್ದರೂ ಮೆಣಸಿನಕಾಯಿ ಸುಟ್ಟ ಘಾಟು ಬರುತ್ತಿದೆ ಎಂದರು. ಮರುದಿನ ಮಾತು ಅಡ್ಡಾದಿಡ್ಡಿಯಾಯಿತು. ನೀರು ಬೇಕಾದಾಗ ಕುಡುಗೋಲು ಕೊಡು ಎಂದರು, ಸ್ವಂತ ತಮ್ಮನನ್ನೇ ನೀನ್ಯಾರು ಎಂದು ಕೇಳಿದರು. ಗಾಳಿ ಸೋಕಿದೆ ಎಂದು ಹಿರಿಯರು ಅಂತ್ರ ಕಟ್ಟಿಸಲು ಕರೆದುಕೊಂಡು ಹೋದರು. ಅದರಲ್ಲಿ ಎರಡು ದಿನ ಕಳೆಯಿತು. ಆಮೇಲೆ ಫಿಟ್ಸ್ ಬಂದಾಗ ದಾವಣಗೆರೆಯ ಆಸ್ಪತ್ರೆಗೆ ಸೇರಿಸಿದೆವು. ಬೆನ್ನಿನಿಂದ ನೀರು ತೆಗೆದು, ಎಂಆರ್‌ಐ ಮಾಡಿ, ಮಿದುಳಿಗೆ ಹರ್ಪಿಸ್ ತಗುಲಿದೆ ಎಂದರು. 21 ದಿನ ಇಂಜೆಕ್ಷನ್ ಕೊಟ್ಟರು. ಜೀವ ಉಳಿಯಿತು. ಆದರೆ ಬೆಳಿಗ್ಗೆ ಉಂಡದ್ದು ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ. ಸಂಬಂಧಿಕರೊಬ್ಬರು ಮೊಬೈಲಿನಲ್ಲಿ ನೋಡಿ, ಇದು ಕೆಟ್ಟ ಸಹವಾಸದಿಂದ ಬರುವ ಕಾಯಿಲೆ ಎಂದು ಊರಲ್ಲೆಲ್ಲ ಹೇಳಿದ್ದಾರೆ. ಅದು ನಿಜವೇ? ನನಗೂ ಮಕ್ಕಳಿಗೂ ಅಂಟುತ್ತದೆಯೇ? ಮರೆವು ಹೋಗುತ್ತದೆಯೇ?
ಗೃಹಿಣಿ, ಜಗಳೂರು ತಾಲ್ಲೂಕು

ಉತ್ತರ: ಅಮ್ಮಾ, ಮೊದಲು ಆ ಸಂಬಂಧಿಕರ ಮಾತಿಗೆ ಉತ್ತರಿಸುತ್ತೇನೆ. ನಿಮ್ಮ ಪತ್ರದಲ್ಲಿ ಕಾಯಿಲೆಗಿಂತ ಹೆಚ್ಚಾಗಿ ನಿಮ್ಮನ್ನು ಕೊರೆಯುತ್ತಿರುವುದು ಅದೇ ಎಂದು ನನಗೆ ಅನಿಸಿತು. ಅವರು ಹೇಳಿದ್ದು ತಪ್ಪು. ಹರ್ಪಿಸ್ ಎಂಬುದು ಒಂದೇ ವೈರಾಣುವಿನ ಹೆಸರಲ್ಲ, ಅದೊಂದು ಮನೆತನದ ಹೆಸರು. ಅದರಲ್ಲಿ ಹರ್ಪಿಸ್ ಸಿಂಪ್ಲೆಕ್ಸ್ ಎಂಬುದಕ್ಕೆ ಎರಡು ಬಗೆಗಳಿವೆ. ಜನನಾಂಗದ ಹುಣ್ಣುಗಳಿಗೆ ಹೆಚ್ಚಾಗಿ ಹೆಸರಾಗಿರುವುದು ಎರಡನೆಯ ಬಗೆ. ದೊಡ್ಡವರಲ್ಲಿ ಮಿದುಳಿನ ಉರಿಯೂತ ತರುವುದು ಬಹುಪಾಲು, ಅಂದರೆ ಹತ್ತರಲ್ಲಿ ಸುಮಾರು ಒಂಬತ್ತು ಸಲ, ಒಂದನೆಯ ಬಗೆ. ಜ್ವರ ಬಂದು ಬಿಟ್ಟ ಮೇಲೆ ತುಟಿಯಂಚಿನಲ್ಲಿ ಏಳುತ್ತದಲ್ಲ, ನಾವು ಜ್ವರದ ಗುಳ್ಳೆ ಎನ್ನುತ್ತೇವಲ್ಲ, ಅದಕ್ಕೆ ಕಾರಣವಾದ ವೈರಾಣುವೇ ಇದು. ಬಹಳಷ್ಟು ಜನರಿಗೆ ಇದು ಬಾಲ್ಯದಲ್ಲಿಯೇ, ಎತ್ತಿ ಮುದ್ದಾಡುವ ಅಜ್ಜಿಯಿಂದಲೋ ಅತ್ತೆಯಿಂದಲೋ, ಜೊಲ್ಲಿನ ಮೂಲಕ ಬಂದು ಸೇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ, ಜಗತ್ತಿನಲ್ಲಿ 50 ವರ್ಷದೊಳಗಿನ ಮೂರರಲ್ಲಿ ಸುಮಾರು ಎರಡು ಪಾಲು ಜನರ ಮೈಯಲ್ಲಿ ಈ ಒಂದನೆಯ ಬಗೆ ಇದೆ. ಆ ಮಾತಾಡಿದವರ ಮೈಯಲ್ಲೂ ಅದು ಇರುವ ಸಂಭವವೇ ಹೆಚ್ಚು. ನಿಮ್ಮ ಯಜಮಾನರ ನಡತೆಗೂ ಈ ಕಾಯಿಲೆಗೂ ಸಂಬಂಧವಿಲ್ಲ. ಈ ಪುಟವನ್ನು ಅವರೆದುರು ಓದಿಸಿ.

ಇಷ್ಟು ಸಾಮಾನ್ಯವಾದ ವೈರಾಣು ಮಿದುಳಿಗೆ ಹೋಗುವುದು ಮಾತ್ರ ಬಹಳ ಅಪರೂಪ. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಎರಡರಿಂದ ನಾಲ್ಕು ಮಂದಿಗೆ ಹೀಗಾಗುತ್ತದೆ. ಒಮ್ಮೆ ಮೈ ಸೇರಿದ ವೈರಾಣು ಕಿವಿಯ ಮುಂಭಾಗದ ಒಳಗೆ, ತಲೆಬುರುಡೆಯ ತಳದಲ್ಲಿರುವ ಮುಖದ ನರದ ಗಂಟಿನಲ್ಲಿ ಸದ್ದಿಲ್ಲದೆ ಮಲಗಿರುತ್ತದೆ. ಆಗೊಮ್ಮೆ ಈಗೊಮ್ಮೆ ಎಚ್ಚೆತ್ತು ನರದ ಗುಂಟ ತುಟಿಗೆ ಇಳಿಯುತ್ತದೆ. ಎಲ್ಲೋ ಒಬ್ಬರಲ್ಲಿ ಅದು ಕೆಳಗಿಳಿಯುವ ಬದಲು ಮೇಲೆ, ಮಿದುಳಿನತ್ತ, ಸಾಗುತ್ತದೆ. ಕೆಲವರಲ್ಲಿ ಮೂಗಿನ ವಾಸನೆಯ ನರದ ದಾರಿಯಿಂದಲೂ ಹೋಗಬಹುದು. ಯಾರಲ್ಲಿ ಹೀಗಾಗುತ್ತದೆ ಎಂದು ಮೊದಲೇ ಹೇಳುವ ಪರೀಕ್ಷೆ ಯಾವುದೂ ಇಲ್ಲ. ನೀವು ಮಾಡಿದ್ದರಿಂದಾಗಲೀ ಮಾಡದೆ ಬಿಟ್ಟದ್ದರಿಂದಾಗಲೀ ಇದು ಬಂದದ್ದಲ್ಲ.

ಈ ವೈರಾಣುವಿಗೆ ಮಿದುಳಿನೊಳಗೆ ಒಂದು ಮೆಚ್ಚಿನ ಜಾಗವಿದೆ: ಕಣತಲೆಯ ಒಳಗಡೆ ಬರುವ, ವೈದ್ಯರು ಟೆಂಪೊರಲ್ ಲೋಬ್ ಎನ್ನುವ ಭಾಗ. ನೆನಪನ್ನು ಕೂಡಿಡುವುದು, ಪದಗಳನ್ನು ಹುಡುಕಿ ಕೊಡುವುದು, ವಾಸನೆಯನ್ನು ಗುರುತಿಸುವುದು, ಸಿಟ್ಟು ಭಯಗಳನ್ನು ಹತೋಟಿಯಲ್ಲಿಡುವುದು, ಇವೆಲ್ಲ ಅಲ್ಲಿ ಮತ್ತು ಅದರ ಆಸುಪಾಸಿನಲ್ಲಿ ನಡೆಯುವ ಕೆಲಸಗಳು. ಇಲ್ಲದ ಮೆಣಸಿನಕಾಯಿ ಘಾಟು ನಿಮ್ಮ ಯಜಮಾನರ ಮೂಗಿಗೆ ಬಂದದ್ದು, ನೀರಿಗೆ ಕುಡುಗೋಲು ಎಂದದ್ದು, ತಮ್ಮನ ಗುರುತು ಹತ್ತದೇ ಹೋದದ್ದು, ಈ ಮೂರೂ ಆ ಒಂದೇ ಜಾಗ ಊದಿಕೊಂಡದ್ದರ ಲಕ್ಷಣಗಳು. ನೀವು ಇದನ್ನೆಲ್ಲ ಗಮನಿಸಿ, ದಿನಕ್ರಮ ತಪ್ಪದೆ ಬರೆದಿದ್ದೀರಿ. ಆಸ್ಪತ್ರೆಯಲ್ಲೂ ಹೀಗೆಯೇ ಹೇಳಿದ್ದರೆ ವೈದ್ಯರಿಗೆ ರೋಗ ಹಿಡಿಯಲು ಅದು ಬಹಳ ನೆರವಾಗಿರುತ್ತದೆ.

ಗಾಳಿ ಸೋಕಿದೆ ಎಂದುಕೊಂಡ ಹಿರಿಯರನ್ನು ನಾನು ಬೈಯುವುದಿಲ್ಲ. ನಿನ್ನೆಯವರೆಗೆ ಸರಿಯಿದ್ದ ಮನುಷ್ಯ ಇಂದು ತಮ್ಮನನ್ನೇ ಗುರುತಿಸದಿದ್ದರೆ, ಬೇರೆ ಯಾರೋ ಒಳಗೆ ಬಂದು ಕೂತಂತೆ ಕಾಣುವುದು ಸಹಜ. ಈ ರೋಗವನ್ನು ಮೊದಲ ದಿನ ಮನೋರೋಗವೆಂದೋ ಕುಡಿತದ ಅಮಲೆಂದೋ ತಿಳಿಯುವ ತಪ್ಪು ಓದಿದವರ ಮನೆಗಳಲ್ಲೂ ಆಗುತ್ತದೆ. ಆದರೆ ಕಳೆದ ಆ ಎರಡು ದಿನಗಳ ಬೆಲೆಯನ್ನು ಮುಚ್ಚಿಡುವುದು ಬೇರೆ ಓದುಗರಿಗೆ ಅನ್ಯಾಯವಾಗುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಈ ಕಾಯಿಲೆ ಬಂದ ನೂರರಲ್ಲಿ ಸುಮಾರು 70 ಮಂದಿ ಸಾಯುತ್ತಾರೆ. ಏಸೈಕ್ಲೋವಿರ್ ಎಂಬ ಔಷಧಿಯನ್ನು ರಕ್ತನಾಳದ ಮೂಲಕ ಕೊಟ್ಟರೆ ಆ ಸಂಖ್ಯೆ 20ರಿಂದ 30ರ ಒಳಗೆ ಇಳಿಯುತ್ತದೆ ಎಂಬುದು 1980ರ ದಶಕದಲ್ಲಿ ನಡೆದ ಪ್ರಯೋಗಗಳಿಂದ ಸ್ಪಷ್ಟವಾಗಿದೆ. ಔಷಧಿ ಎಷ್ಟು ಬೇಗ ಶುರುವಾಗುತ್ತದೆಯೋ ಅಷ್ಟು ಮಿದುಳು ಉಳಿಯುತ್ತದೆ. ಆದ್ದರಿಂದ ಜ್ವರವಿರುವವರ ನಡವಳಿಕೆ, ಮಾತು, ಎಚ್ಚರ, ಈ ಮೂರರಲ್ಲಿ ಯಾವುದು ಬದಲಾದರೂ, ಅಥವಾ ಜ್ವರದಲ್ಲಿ ದೊಡ್ಡವರಿಗೆ ಫಿಟ್ಸ್ ಬಂದರೂ, ಅದನ್ನು ಹಾವು ಕಡಿದಷ್ಟೇ ತುರ್ತು ಎಂದು ತಿಳಿದು 108ಕ್ಕೆ ಕರೆ ಮಾಡಬೇಕು. ದೇವರಿಗೆ ಹರಕೆ ಹೊರುವುದಿದ್ದರೆ ಆಂಬುಲೆನ್ಸಿನಲ್ಲಿ ಕೂತೇ ಹೊತ್ತುಕೊಳ್ಳಲಿ. ಹರಕೆಯನ್ನು ಆಮೇಲೆ ತೀರಿಸಬಹುದು.

ಅಂಟುವ ಭಯ ಬೇಡ. ಮಿದುಳಿನ ಉರಿಯೂತ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ, ಅವರ ಬಟ್ಟೆ ಒಗೆದರೂ, ಪಕ್ಕದಲ್ಲಿ ಮಲಗಿದರೂ ನಿಮಗೂ ಮಕ್ಕಳಿಗೂ ಈ ರೋಗ ಬರುವುದಿಲ್ಲ.

ಮರೆವಿನ ಬಗ್ಗೆ ಸುಳ್ಳು ಸಮಾಧಾನ ಹೇಳಲಾರೆ. ಹಳೆಯದೆಲ್ಲ ನೆನಪಿದ್ದು ಹೊಸದು ನಿಲ್ಲದಿರುವುದು ಈ ರೋಗದಿಂದ ಬದುಕಿ ಬಂದ ಹಲವರಲ್ಲಿ ಉಳಿಯುವ ತೊಂದರೆ. ಮೊದಲ ಕೆಲವು ತಿಂಗಳಲ್ಲಿ ಸುಧಾರಣೆ ಹೆಚ್ಚು ಕಾಣುತ್ತದೆ, ಆಮೇಲೆ ನಿಧಾನವಾಗುತ್ತದೆ. ಮೂರೇ ತಿಂಗಳಾಗಿರುವುದರಿಂದ ನಿಮ್ಮ ಯಜಮಾನರಲ್ಲಿ ಇನ್ನೂ ಚೇತರಿಕೆಗೆ ಅವಕಾಶವಿದೆ. ಮನೆಯಲ್ಲಿ ಮಾಡಬಹುದಾದದ್ದು ಬಹಳ ಸರಳ, ಆದರೆ ತಾಳ್ಮೆ ಬೇಡುತ್ತದೆ: ದಿನಚರಿ ಒಂದೇ ಹೊತ್ತಿಗೆ ಒಂದೇ ರೀತಿಯಲ್ಲಿ ಇರಲಿ, ಗೋಡೆಯ ಮೇಲೆ ದೊಡ್ಡ ಅಕ್ಷರದ ಕ್ಯಾಲೆಂಡರ್ ಇರಲಿ, ಜೇಬಿನಲ್ಲಿ ಒಂದು ಚಿಕ್ಕ ಪುಸ್ತಕ ಇಟ್ಟು ಉಂಡದ್ದು, ಮಾತ್ರೆ ನುಂಗಿದ್ದು, ಯಾರು ಬಂದರು ಎಂಬುದನ್ನು ಅವರ ಕೈಯಿಂದಲೇ ಬರೆಯಿಸಿ. ಅದನ್ನೇ ಹತ್ತು ಸಲ ಕೇಳಿದರೆ ಹತ್ತು ಸಲವೂ ಉತ್ತರ ಹೇಳಿ. ಆಗಲೇ ಹೇಳಿದೆನಲ್ಲ ಎಂದು ಗದರಿದರೆ ಅವರಿಗೆ ಉತ್ತರ ನೆನಪಿರುವುದಿಲ್ಲ, ಗದರಿದ ನೋವು ಮಾತ್ರ ಉಳಿಯುತ್ತದೆ. ಫಿಟ್ಸ್ ಮಾತ್ರೆಯನ್ನು ವೈದ್ಯರು ಹೇಳದೆ ಒಂದು ದಿನವೂ ಬಿಡಿಸಬೇಡಿ. ಅವರು ಒಪ್ಪುವವರೆಗೆ ಟ್ರ್ಯಾಕ್ಟರ್, ಬೈಕ್ ಓಡಿಸುವುದು, ಬಾವಿಗೆ ಇಳಿಯುವುದು, ಒಬ್ಬರೇ ಪಂಪ್‌ಸೆಟ್ ಹತ್ತಿರ ಹೋಗುವುದು ಬೇಡ.

ಇನ್ನೊಂದು ವಿಷಯವಿದೆ. ಈ ರೋಗ ವಾಸಿಯಾದ ಕೆಲವರಲ್ಲಿ, ಹೆಚ್ಚಾಗಿ ಮೊದಲ ಎರಡು ತಿಂಗಳೊಳಗೆ, ವೈರಾಣು ಹೋಗಿದ್ದರೂ ದೇಹದ ರಕ್ಷಣಾ ವ್ಯವಸ್ಥೆಯೇ ತಪ್ಪಿ ಮಿದುಳಿನ ಮೇಲೆ ತಿರುಗಿಬೀಳುತ್ತದೆ. ಆಗ ಹೊಸದಾಗಿ ವಿಪರೀತ ಸಿಟ್ಟು, ಭ್ರಮೆ, ನಿದ್ದೆಗೇಡು ಕಾಣಿಸಿಕೊಳ್ಳುತ್ತದೆ. ಮಕ್ಕಳಲ್ಲಾದರೆ ಕೈಕಾಲು ತಾವಾಗಿಯೇ ಹೊರಳಾಡುತ್ತವೆ. ಇದಕ್ಕೆ ಚಿಕಿತ್ಸೆ ಬೇರೆಯೇ ಇದೆ, ಮತ್ತು ಅದು ಫಲ ಕೊಡುತ್ತದೆ. ಸುಧಾರಿಸುತ್ತಿದ್ದವರು ಮತ್ತೆ ಹಿಂದೆ ಸರಿದಂತೆ ಕಂಡರೆ ನರರೋಗ ತಜ್ಞರಿಗೆ ತಡಮಾಡದೆ ತೋರಿಸಿ.

ಪ್ರಶ್ನೆ: ನಾನು ಚಿತ್ರದುರ್ಗದಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ. ಪ್ರತಿ ಪರೀಕ್ಷೆಯ ಸಮಯದಲ್ಲಿ ಮತ್ತು ಬೇಸಿಗೆಯಲ್ಲಿ ತುಟಿಯ ಮೇಲೆ ಗುಳ್ಳೆಗಳ ಗೊಂಚಲು ಏಳುತ್ತದೆ. ಇದೂ ಹರ್ಪಿಸ್ ಎಂದು ಗೊತ್ತಾದಾಗಿನಿಂದ ಮಿದುಳಿಗೆ ಹೋಗುತ್ತದೆ ಎಂಬ ಭಯದಲ್ಲಿ ನಿದ್ದೆ ಬರುತ್ತಿಲ್ಲ.
ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ನಿದ್ದೆ ಮಾಡಿ. ತುಟಿಯ ಮೇಲೆ ಗುಳ್ಳೆ ಪದೇ ಪದೇ ಏಳುವುದು ಮಿದುಳಿಗೆ ಹೋಗುವ ಮುನ್ಸೂಚನೆಯಲ್ಲ. ಮಿದುಳಿನ ಉರಿಯೂತ ಬಂದವರಲ್ಲಿ ತುಟಿಯ ಮೇಲೆ ಗುಳ್ಳೆ ಇರಲೇಬೇಕೆಂದೂ ಇಲ್ಲ. ದುರ್ಗದ ಬಿಸಿಲು, ನಿದ್ದೆಗೆಡುವುದು, ಪರೀಕ್ಷೆಯ ಆತಂಕ ಇವು ಮಲಗಿದ ವೈರಾಣುವನ್ನು ಎಬ್ಬಿಸುತ್ತವೆ, ಅಷ್ಟೇ. ಚುರುಗುಟ್ಟುವ ಮೊದಲ ದಿನವೇ ವೈದ್ಯರನ್ನು ಕೇಳಿ ಮಾತ್ರೆ ತೆಗೆದುಕೊಂಡರೆ ಬೇಗ ಒಣಗುತ್ತದೆ. ಗುಳ್ಳೆ ಮುಟ್ಟಿದ ಕೈಯಿಂದ ಕಣ್ಣು ಉಜ್ಜಬೇಡಿ, ಗುಳ್ಳೆಯಿರುವಾಗ ಎಳೆಗೂಸುಗಳಿಗೆ ಮುತ್ತು ಕೊಡಬೇಡಿ. ಹುಟ್ಟಿ ಒಂದು ತಿಂಗಳಾಗದ ಮಗುವಿನ ಮೈಯಲ್ಲಿ ಈ ವೈರಾಣುವನ್ನು ತಡೆಯುವ ಶಕ್ತಿ ಇರುವುದಿಲ್ಲ. ದೊಡ್ಡವರಿಗೆ ಬರೀ ಗುಳ್ಳೆಯಾದದ್ದು ಆ ಕೂಸಿಗೆ ಪ್ರಾಣಾಪಾಯವಾಗಬಹುದು. ಬಾಣಂತಿ ಮನೆಗೆ ಮಗು ನೋಡಲು ಹೋಗುವವರೆಲ್ಲ ಇದನ್ನು ನೆನಪಿಡಬೇಕೆಂದು ಕೇಳಿಕೊಳ್ಳುತ್ತೇನೆ.

ಪ್ರಶ್ನೆ: ನನ್ನ ತಮ್ಮ 28 ವರ್ಷದವನು, ಮಿದುಳಿನ ಹರ್ಪಿಸ್ ಎಂದು ಆಸ್ಪತ್ರೆಯಲ್ಲಿದ್ದಾನೆ. ಇವತ್ತಿಗೆ ಎಂಟು ದಿನ. ಈಗ ಎದ್ದು ಕೂತು ಮಾತಾಡುತ್ತಾನೆ, ಜ್ವರ ಇಲ್ಲ. ಖರ್ಚು ಕೈಮೀರುತ್ತಿದೆ. ಇದೇ ಔಷಧಿ ಮಾತ್ರೆಯಲ್ಲೂ ಸಿಗುತ್ತದಂತೆ. ಮನೆಗೆ ಕರೆತಂದು ಮಾತ್ರೆ ಕೊಟ್ಟರೆ ಸಾಲದೇ? ಮತ್ತೊಮ್ಮೆ ಬೆನ್ನಿನ ನೀರು ತೆಗೆಯಬೇಕು ಎನ್ನುತ್ತಿದ್ದಾರೆ. ಕಾಲು ಬಿದ್ದುಹೋಗುತ್ತದೆ ಎಂದು ತಾಯಿ ಒಪ್ಪುತ್ತಿಲ್ಲ.
ಓದುಗರು, ಹಿರಿಯೂರು

ಉತ್ತರ: ನಿಮ್ಮ ಪತ್ರ ತಲುಪಿದ ದಿನವೇ ಫೋನಿನಲ್ಲಿ ನಿಮಗೆ ಹೇಳಿದ್ದನ್ನೇ ಬೇರೆಯವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಕರೆತರಬೇಡಿ. ಮಾತ್ರೆಯಾಗಿ ನುಂಗಿದ ಏಸೈಕ್ಲೋವಿರ್‌ನಲ್ಲಿ ರಕ್ತಕ್ಕೆ ಸೇರುವುದೇ ಅಲ್ಪ ಭಾಗ. ಮಿದುಳಿನೊಳಗೆ ವೈರಾಣುವನ್ನು ಅಡಗಿಸುವಷ್ಟು ಪ್ರಮಾಣ ಅದರಿಂದ ತಲುಪುವುದಿಲ್ಲ. ಮೂತ್ರಪಿಂಡ ಸರಿಯಿರುವ ದೊಡ್ಡವರಿಗೆ ದೇಹದ ತೂಕದ ಪ್ರತಿ ಕಿಲೋಗೆ 10 ಮಿಲಿಗ್ರಾಂನಂತೆ ಎಂಟು ಗಂಟೆಗೊಮ್ಮೆ, ನಿಧಾನವಾಗಿ ಡ್ರಿಪ್ ಮೂಲಕ, 14ರಿಂದ 21 ದಿನ ಕೊಡುವುದು ಒಪ್ಪಿತವಾದ ಕ್ರಮ. ಬೇಗ ನಿಲ್ಲಿಸಿದವರಲ್ಲಿ ರೋಗ ಮರುಕಳಿಸಿದ ಉದಾಹರಣೆಗಳಿವೆ. ಎಂಟನೆಯ ದಿನ ಎದ್ದು ಕೂತಿದ್ದಾನೆ ಎಂದರೆ ಔಷಧಿ ಕೆಲಸ ಮಾಡುತ್ತಿದೆ ಎಂದರ್ಥ, ಕೆಲಸ ಮುಗಿದಿದೆ ಎಂದಲ್ಲ. ಡ್ರಿಪ್ ನಡೆಯುವಷ್ಟು ದಿನವೂ ನೀರಿನಂಶ ಸಾಕಷ್ಟು ಹೋಗುತ್ತಿರಬೇಕು, ಇಲ್ಲದಿದ್ದರೆ ಔಷಧಿ ಮೂತ್ರಪಿಂಡದಲ್ಲಿ ಹರಳುಗಟ್ಟಬಹುದು. ನಡುನಡುವೆ ರಕ್ತ ಪರೀಕ್ಷೆ ಮಾಡುವುದು ಅದಕ್ಕಾಗಿಯೇ. ದುಡ್ಡು ಸುಲಿಯಲೆಂದು ಮಾಡುತ್ತಾರೆ ಎಂದು ಭಾವಿಸಬೇಡಿ. ಖರ್ಚಿನ ಸಂಕಟ ನಿಜವಾದದ್ದೇ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ಏನು ಸಿಗುತ್ತದೆ ಎಂದು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಕೇಳಿ. ಉಳಿದ ದಿನಗಳ ಡ್ರಿಪ್ಪನ್ನು ಸರ್ಕಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಮುಂದುವರಿಸಬಹುದೇ ಎಂದು ಈಗಿನ ವೈದ್ಯರನ್ನೇ ವಿಚಾರಿಸಿ. ನಡುವೆ ಒಂದು ಡೋಸ್ ಕೂಡ ತಪ್ಪದಂತೆ ಕಳುಹಿಸಿಕೊಡುವ ವ್ಯವಸ್ಥೆಯನ್ನು ಅವರು ಮಾಡಬಲ್ಲರು.

ಬೆನ್ನಿನ ನೀರಿನ ಬಗ್ಗೆ ನಿಮ್ಮ ತಾಯಿಯವರಿಗೆ ಹೀಗೆ ಹೇಳಿ. ಬೆನ್ನುಹುರಿ ಎಂಬುದು ಬೆನ್ನುಮೂಳೆಯ ತುದಿಯವರೆಗೆ ಉದ್ದಕ್ಕೂ ಇಳಿದಿರುವುದಿಲ್ಲ. ದೊಡ್ಡವರಲ್ಲಿ ಅದು ಸೊಂಟದ ಮೊದಲ ಅಥವಾ ಎರಡನೆಯ ಮೂಳೆಯ ಮಟ್ಟದಲ್ಲೇ ಮುಗಿಯುತ್ತದೆ. ಸೂಜಿ ಚುಚ್ಚುವುದು ಅದಕ್ಕಿಂತ ಕೆಳಗೆ, ಬರೀ ನೀರು ಮತ್ತು ತೇಲುವ ನರದೆಳೆಗಳು ಇರುವ ಜಾಗದಲ್ಲಿ. ಮಿದುಳು ಮತ್ತು ಬೆನ್ನುಹುರಿಯ ಸುತ್ತ ಸುಮಾರು 150 ಮಿಲಿಲೀಟರ್ ದ್ರವವಿದ್ದು, ದಿನಕ್ಕೆ ಸುಮಾರು 500 ಮಿಲಿಲೀಟರ್‌ನಷ್ಟು ಹೊಸದಾಗಿ ಊರುತ್ತಲೇ ಇರುತ್ತದೆ. ತೆಗೆಯುವ ಕೆಲವು ಚಮಚ ಕೆಲವೇ ಗಂಟೆಗಳಲ್ಲಿ ತುಂಬಿಕೊಳ್ಳುತ್ತದೆ. ಒಂದೆರಡು ದಿನ ತಲೆನೋವು ಬರಬಹುದು. ಕಾಲು ಬಿದ್ದುಹೋದವು ಎಂದು ಕೇಳಿಬರುವ ಕಥೆಗಳಲ್ಲಿ, ಬಹುತೇಕ, ಕಾಲು ಹೋಗಲು ಕಾರಣವಾದದ್ದು ಯಾವ ಕಾಯಿಲೆಗಾಗಿ ನೀರು ತೆಗೆದರೋ ಆ ಕಾಯಿಲೆ. ಆ ನೀರಿನಲ್ಲಿ ಪಿಸಿಆರ್ ಎಂಬ ವಿಧಾನದಿಂದ ವೈರಾಣುವಿನ ಕುರುಹನ್ನು ಹುಡುಕುತ್ತಾರೆ. ಹಿಂದೆ ಇದೇ ಖಚಿತತೆಗೆ ತಲೆಬುರುಡೆ ಕೊರೆದು ಮಿದುಳಿನ ತುಣುಕನ್ನೇ ತೆಗೆಯಬೇಕಿತ್ತು. ರೋಗದ ಮೊದಲ ಎರಡು ಮೂರು ದಿನಗಳಲ್ಲಿ ಪಿಸಿಆರ್ ಕೂಡ ಕೆಲವೊಮ್ಮೆ ಇಲ್ಲ ಎಂದು ತೋರಿಸುತ್ತದೆ. ಅನುಮಾನ ಬಲವಾಗಿದ್ದರೆ ಔಷಧಿ ನಿಲ್ಲಿಸದೆ ಇನ್ನೊಮ್ಮೆ ನೋಡುತ್ತಾರೆ. ಔಷಧಿ ಮುಗಿಸುವ ಮುನ್ನ ವೈರಾಣು ಪೂರ್ತಿ ಹೋಗಿದೆಯೇ ಎಂದು ನೋಡಲೂ ಮತ್ತೆ ತೆಗೆಯುವುದುಂಟು.

ಪ್ರಶ್ನೆ: ನಮ್ಮ ಮನೆ ಭತ್ತದ ಗದ್ದೆಗಳ ಪಕ್ಕದಲ್ಲಿದೆ. ಮಗಳಿಗೆ ಅಂಗನವಾಡಿಯಲ್ಲಿ ಮಿದುಳು ಜ್ವರದ ಲಸಿಕೆ ಹಾಕಿಸಿದ್ದೇವೆ. ಹಾಗಾದರೆ ಈ ಹರ್ಪಿಸ್ ಮಿದುಳು ಜ್ವರವೂ ಬರುವುದಿಲ್ಲ ಅಲ್ಲವೇ?
ತಾಯಿ, ಹರಿಹರ ತಾಲ್ಲೂಕು

ಉತ್ತರ: ಆ ಲಸಿಕೆ ಜಪಾನೀಸ್ ಎನ್ಸೆಫಲೈಟಿಸ್ ಎಂಬ ಬೇರೆಯೇ ಕಾಯಿಲೆಗೆ. ಭದ್ರಾ ನಾಲೆಯ ನೀರು ನಿಲ್ಲುವಂಥ ಗದ್ದೆಗಳಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆಗಳು ಅದನ್ನು ಹಂದಿ ಮತ್ತು ಬೆಳ್ಳಕ್ಕಿಯಂಥ ಹಕ್ಕಿಗಳಿಂದ ಮನುಷ್ಯರಿಗೆ ದಾಟಿಸುತ್ತವೆ. 9 ತಿಂಗಳು ತುಂಬಿದಾಗ ಒಂದು, 16ರಿಂದ 24 ತಿಂಗಳ ನಡುವೆ ಇನ್ನೊಂದು ಡೋಸ್. ಎರಡೂ ಆಗಿದೆಯೇ ಎಂದು ತಾಯಿ ಕಾರ್ಡ್ ನೋಡಿಕೊಳ್ಳಿ. ಹರ್ಪಿಸ್ ಸಿಂಪ್ಲೆಕ್ಸ್‌ಗೆ ಇನ್ನೂ ಲಸಿಕೆ ಬಂದಿಲ್ಲ. ಆದರೆ ಒಂದು ಮುಖ್ಯ ವ್ಯತ್ಯಾಸ ತಿಳಿದಿರಲಿ: ಜಪಾನೀಸ್ ಎನ್ಸೆಫಲೈಟಿಸ್‌ಗೆ ಲಸಿಕೆಯಿದೆ, ವೈರಾಣುವನ್ನು ಕೊಲ್ಲುವ ಔಷಧಿಯಿಲ್ಲ, ಹರ್ಪಿಸ್‌ಗೆ ಲಸಿಕೆಯಿಲ್ಲ, ಔಷಧಿಯಿದೆ. ಜ್ವರದಲ್ಲಿ ಮಂಪರಾದ ರೋಗಿಯನ್ನು ಕಂಡಾಗ, ಇದು ಯಾವ ವೈರಾಣು ಎಂದು ತಿಳಿಯುವ ಮುನ್ನವೇ ವೈದ್ಯರು ಏಸೈಕ್ಲೋವಿರ್ ಶುರುಮಾಡುವುದು ಈ ಕಾರಣಕ್ಕೆ. ಅವರು ಕತ್ತಲಲ್ಲಿ ಕಲ್ಲೆಸೆಯುತ್ತಿದ್ದಾರೆ ಎಂದು ದೂರಬೇಡಿ. ವರದಿಗಾಗಿ ಕಾಯುತ್ತ ಕೂರುವುದು ಅದಕ್ಕಿಂತ ದೊಡ್ಡ ತಪ್ಪಾಗುತ್ತದೆ.

ಪ್ರಶ್ನೆ: ನಾನು 67 ವರ್ಷದ ನಿವೃತ್ತ ಶಿಕ್ಷಕ. ನಾಲ್ಕು ದಿನಗಳಿಂದ ಬಲಗಡೆ ಹಣೆಯ ಮೇಲೆ, ಕಣ್ಣುರೆಪ್ಪೆಯವರೆಗೆ ಸರ್ಪಸುತ್ತು ಎದ್ದಿದೆ. ಮನೆಯವರು ಕೆಮ್ಮಣ್ಣು ಹಚ್ಚಿದ್ದಾರೆ. ಸರ್ಪದ ತಲೆ ಬಾಲ ಕೂಡಿದರೆ ಪ್ರಾಣ ಹೋಗುತ್ತದೆ ಎನ್ನುತ್ತಾರೆ. ಇದೂ ಹರ್ಪಿಸ್ ಮನೆತನದ್ದೇ ಎಂದು ಎಲ್ಲೋ ಓದಿದೆ. ಮಿದುಳಿಗೆ ಹೋಗಬಹುದೇ?
ನಿವೃತ್ತ ಶಿಕ್ಷಕರು, ಹೊಳಲ್ಕೆರೆ

ಉತ್ತರ: ಗುರುಗಳೇ, ನಿಮಗೂ ಪತ್ರ ಕಂಡ ದಿನವೇ ಫೋನ್ ಮಾಡಿ, ಅಂದೇ ಕಣ್ಣಿನ ವೈದ್ಯರಲ್ಲಿಗೆ ಹೋಗುವಂತೆ ಹೇಳಿದ್ದೆ. ಉಳಿದದ್ದನ್ನು ಈಗ ವಿವರಿಸುತ್ತೇನೆ. ನೀವು ಓದಿದ್ದು ಸರಿ. ಬಾಲ್ಯದಲ್ಲಿ ಸೀತಾಳೆ ಸಿಡುಬು ತಂದು, ಆಮೇಲೆ ನರದ ಬುಡದಲ್ಲಿ ದಶಕಗಟ್ಟಲೆ ಮಲಗಿದ್ದ ವೈರಾಣುವೇ ವಯಸ್ಸಾದ ಮೇಲೆ ಸರ್ಪಸುತ್ತಾಗಿ ಏಳುತ್ತದೆ. ಅದು ತುಟಿಯ ಗುಳ್ಳೆಯ ವೈರಾಣುವಿಗೆ ದಾಯಾದಿ. ಶಿಕ್ಷಕರಾದ ನಿಮಗೆ ಇಷ್ಟವಾಗಬಹುದಾದ ಸಂಗತಿಯೊಂದಿದೆ: ಹರ್ಪಿಸ್ ಎಂಬುದು ಗ್ರೀಕ್ ಭಾಷೆಯಲ್ಲಿ ತೆವಳುವುದು ಎಂಬ ಅರ್ಥದ ಧಾತುವಿನಿಂದ ಬಂದದ್ದು, ಮತ್ತು ಸಂಸ್ಕೃತದ ಸರ್ಪ ಶಬ್ದವೂ ಅದೇ ಮೂಲ ಧಾತುವಿನ ಕವಲು. ಚರ್ಮದ ಮೇಲೆ ತೆವಳಿದಂತೆ ಹಬ್ಬುವ ಈ ಗುಳ್ಳೆಗಳಿಗೆ ಅವರೂ ನಾವೂ ಒಂದೇ ಬೇರಿನ ಹೆಸರನ್ನಿಟ್ಟಿದ್ದೇವೆ.

ಆದರೆ ಈ ಸರ್ಪಕ್ಕೆ ತಲೆ ಬಾಲ ಕೂಡಿಸುವ ಶಕ್ತಿಯಿಲ್ಲ. ವೈರಾಣು ಒಂದು ನರದ ದಾರಿಯನ್ನಷ್ಟೇ ಹಿಡಿಯುತ್ತದೆ, ಆ ನರ ದೇಹದ ಒಂದು ಮಗ್ಗುಲಿಗೆ ಮಾತ್ರ ಹೋಗುತ್ತದೆ, ಆದ್ದರಿಂದ ಗುಳ್ಳೆಗಳ ಸಾಲು ಮೈಯ ನಡುಗೆರೆಯ ಹತ್ತಿರ ಬಂದು ನಿಲ್ಲುತ್ತದೆ. ದೇಹದ ರಕ್ಷಣಾ ಶಕ್ತಿ ತೀರಾ ಕುಂದಿದವರಲ್ಲಿ ಮಾತ್ರ ಅದು ಮೈಯೆಲ್ಲ ಹರಡಬಹುದು. ಕೆಮ್ಮಣ್ಣು ತಂಪೆನಿಸಬಹುದು, ಆದರೆ ಕಣ್ಣಿನ ಹತ್ತಿರ ಮಣ್ಣು ಸೇರಿದರೆ ಬೇರೆ ಸೋಂಕಿಗೆ ದಾರಿಯಾಗುತ್ತದೆ. ತಣ್ಣೀರಿನ ಶುದ್ಧ ಬಟ್ಟೆಯಿಂದ ಮೆಲ್ಲಗೆ ಒರೆಸಿ ತೆಗೆಯಿರಿ.

ನಿಮ್ಮ ವಿಷಯದಲ್ಲಿ ನನಗೆ ಚಿಂತೆಯಿರುವುದು ಮಿದುಳಿಗಿಂತ ಮೊದಲು ಕಣ್ಣಿನ ಬಗ್ಗೆ. ಹಣೆ ಮತ್ತು ರೆಪ್ಪೆಗೆ ಹೋಗುವ ನರದ ಒಂದು ಕವಲು ಕಣ್ಣುಗುಡ್ಡೆಗೂ ಮೂಗಿನ ತುದಿಗೂ ಹೋಗುತ್ತದೆ. ಮೂಗಿನ ತುದಿಯ ಮೇಲೆ ಒಂದೇ ಒಂದು ಗುಳ್ಳೆ ಕಂಡರೂ ಕಣ್ಣಿನೊಳಗೆ ತೊಂದರೆಯಾಗುವ ಸಂಭವ ಹೆಚ್ಚು ಎಂದು ತಿಳಿಯಬೇಕು. ಗುಳ್ಳೆ ಎದ್ದ 72 ಗಂಟೆಯೊಳಗೆ ಮಾತ್ರೆ ಶುರುಮಾಡಿದರೆ ಫಲ ಅತಿ ಹೆಚ್ಚು. ಆ ಹೊತ್ತು ಮೀರಿದ್ದರೂ ಕಣ್ಣಿನ ಭಾಗದ ಸರ್ಪಸುತ್ತಿಗೆ ಔಷಧಿ ಕೊಡುವುದನ್ನು ಬಿಡುವುದಿಲ್ಲ. ಇಲ್ಲಿ ಮಾತ್ರೆಯೇ ಸಾಕಾಗುತ್ತದೆ, ಹಿರಿಯೂರಿನವರಿಗೆ ಹೇಳಿದ ಡ್ರಿಪ್ಪಿನ ಮಾತು ಮಿದುಳಿಗೆ ರೋಗ ಮುಟ್ಟಿದವರಿಗೆ. ಸರ್ಪಸುತ್ತಿನ ವೈರಾಣುವೂ ಅಪರೂಪಕ್ಕೆ ಮಿದುಳಿಗೆ ಅಥವಾ ಅದರ ರಕ್ತನಾಳಗಳಿಗೆ ತಗುಲಿ ಪಾರ್ಶ್ವವಾಯು ತರುವುದುಂಟು. ಮುಂದಿನ ವಾರಗಳಲ್ಲಿ ತೀವ್ರ ತಲೆನೋವು, ಗೊಂದಲ, ಒಂದು ಮಗ್ಗುಲಿನ ಬಲಹೀನತೆ ಕಂಡರೆ, ಈಚೆಗೆ ಮುಖದ ಮೇಲೆ ಸರ್ಪಸುತ್ತು ಆಗಿತ್ತು ಎಂಬುದನ್ನು ಆಸ್ಪತ್ರೆಯಲ್ಲಿ ಮೊದಲ ಮಾತಾಗಿಯೇ ಹೇಳಬೇಕು.

ನಿಮ್ಮ ಮನೆಯವರಿಗೂ 50 ದಾಟಿದ್ದರೆ ಇನ್ನೊಂದು ಮಾತು. ಸರ್ಪಸುತ್ತಿಗೆ ಲಸಿಕೆ 2023ರಿಂದ ನಮ್ಮ ದೇಶದಲ್ಲೂ ಸಿಗುತ್ತಿದೆ. ಎರಡು ಡೋಸ್, ನಡುವೆ ಎರಡರಿಂದ ಆರು ತಿಂಗಳ ಅಂತರ. ಬೆಲೆ ದುಬಾರಿಯಿದೆ, ಆದ್ದರಿಂದ ಎಲ್ಲರೂ ಹಾಕಿಸಿಕೊಳ್ಳಿ ಎಂದು ಸುಲಭವಾಗಿ ಬರೆಯಲು ನನಗೆ ಮನಸ್ಸಾಗದು. ಸಕ್ಕರೆ ಕಾಯಿಲೆಯಿರುವವರು ಮತ್ತು ರಕ್ಷಣಾ ಶಕ್ತಿ ತಗ್ಗಿಸುವ ಔಷಧಿ ತೆಗೆದುಕೊಳ್ಳುವವರು ತಮ್ಮ ವೈದ್ಯರೊಂದಿಗೆ ಮಾತಾಡಲಿ. ನೀವು ಹಾಕಿಸಿಕೊಳ್ಳುವುದಿದ್ದರೆ ಈಗಿನ ಗುಳ್ಳೆಗಳು ಪೂರ್ತಿ ಒಣಗಿ ಉದುರಿದ ಮೇಲೆ ವಿಚಾರಿಸಿ. ಅಲ್ಲಿಯವರೆಗೆ, ಸೀತಾಳೆ ಸಿಡುಬು ಇನ್ನೂ ಬಾರದ ಮೊಮ್ಮಕ್ಕಳಿದ್ದರೆ, ಅಥವಾ ಮನೆಯಲ್ಲಿ ಬಸುರಿಯರಿದ್ದರೆ, ಗುಳ್ಳೆಯ ನೀರು ಅವರಿಗೆ ತಾಗದಂತೆ ನಿಮ್ಮ ಟವೆಲು, ದಿಂಬು ಬೇರೆಯಾಗಿರಲಿ.